ಹಿತ್ತಲ ಗಿಡ: ಗುರುತು, ಬೀಜ, ಮಿತಿ

‘ಹಿತ್ತಲ ಗಿಡ ಮದ್ದಲ್ಲ’ ಎಂಬ ಗಾದೆಯನ್ನು ಕೇಳದ ಕನ್ನಡಿಗರು ವಿರಳ. ಕೈಯಳತೆಯಲ್ಲಿ ಇರುವುದಕ್ಕೆ ಬೆಲೆ ಕೊಡದೆ ದೂರದ್ದನ್ನು ಅರಸಿ ಹೋಗುವ ಮನುಷ್ಯಸ್ವಭಾವವನ್ನು ಈ ಗಾದೆ ತಿವಿದು ಹೇಳುತ್ತದೆ. ಆದರೆ ಈಚಿನ ದಿನಗಳಲ್ಲಿ ಇದಕ್ಕೆ ತೀರ ವಿರುದ್ಧವಾದ ಇನ್ನೊಂದು ತಪ್ಪು ಬೆಳೆಯುತ್ತಿರುವುದನ್ನು ನಾವು ಕಾಣುತ್ತಿದ್ದೇವೆ. ಗಿಡವನ್ನು ನೆಟ್ಟು ಅರಿಯದವರು, ಅದರ ಎಲೆ-ಹೂಗಳ ಗುರುತು ತಿಳಿಯದವರು, ಮೊಬೈಲಿಗೆ ಬಂದ ನಾಲ್ಕು ಸಾಲಿನ ಸಂದೇಶವನ್ನು ನಂಬಿ ಎಲೆ ಕಿತ್ತು ಕಷಾಯ ಕುದಿಸಿ ಕುಡಿಯುತ್ತಿದ್ದಾರೆ. ಮೊದಲನೆಯದು ಅಸಡ್ಡೆಯ ತಪ್ಪು, ಎರಡನೆಯದು ಅರಿವಿಲ್ಲದ ನಂಬಿಕೆಯ ತಪ್ಪು. ಎರಡಕ್ಕೂ ಕಾರಣ ಒಂದೇ: ಹಿತ್ತಲಿನೊಡನೆ ನಮಗಿದ್ದ ದಿನನಿತ್ಯದ ಒಡನಾಟ ತಪ್ಪಿಹೋದದ್ದು.

ನಮ್ಮ ಹಿರಿಯರ ಮನೆಗಳಲ್ಲಿ ಹಿತ್ತಲು ಅಡುಗೆಮನೆಯ ಮುಂದುವರಿದ ಭಾಗವಾಗಿತ್ತು. ಬಚ್ಚಲ ನೀರು ಹರಿಯುವಲ್ಲಿ ಬಾಳೆ ಮತ್ತು ಕೆಸು, ಬಾವಿಯ ಬದಿಯಲ್ಲಿ ಒಂದೆಲಗ, ಬೇಲಿಗೆ ಹಬ್ಬಿದ ಅವರೆ-ಹೀರೆ, ಚಪ್ಪರದ ಮೇಲೆ ಸೋರೆ, ಬಾಗಿಲ ಬದಿಯಲ್ಲಿ ಮಲ್ಲಿಗೆ, ಮೂಲೆಯಲ್ಲೊಂದು ನುಗ್ಗೆ, ಕರಿಬೇವು. ಅಲ್ಲಿ ಹೂ ಬೇರೆ, ಸೊಪ್ಪು ಬೇರೆ, ಮದ್ದು ಬೇರೆ ಎಂಬ ಗೋಡೆಗಳಿರಲಿಲ್ಲ. ಮನೆಯ ಮಗು ನಡೆಯಲು ಕಲಿಯುವಾಗಲೇ ಅಜ್ಜಿಯ ಸೆರಗು ಹಿಡಿದು ಯಾವುದನ್ನು ಕೀಳಬಹುದು, ಯಾವುದನ್ನು ಮುಟ್ಟಬಾರದು ಎಂಬುದನ್ನು ಕಲಿಯುತ್ತಿತ್ತು. ಈ ಅರಿವನ್ನು ಮೂರಾಗಿ ವಿಂಗಡಿಸಿ ನೋಡಬಹುದೆಂದು ನಮಗೆ ತೋರುತ್ತದೆ: ಗಿಡದ ಗುರುತು, ಬೀಜದ ರಕ್ಷಣೆ ಮತ್ತು ಬಳಕೆಯ ಮಿತಿ. ಈ ಮೂರೂ ಇದ್ದಾಗ ಮಾತ್ರ ಹಿತ್ತಲ ಗಿಡ ಆರೋಗ್ಯಕ್ಕೆ ಒದಗುತ್ತದೆ. ಒಂದು ತಪ್ಪಿದರೂ ಉಳಿದೆರಡು ನಿಲ್ಲಲಾರವು. ಈ ಲೇಖನದಲ್ಲಿ ಮನೆಯ ಕೈತೋಟವನ್ನು ಈ ಮೂರು ನೆಲೆಗಳಿಂದ ಪರಿಶೀಲಿಸೋಣ.

ಜಾಗ, ಮಣ್ಣು, ನೀರು

ಹಿತ್ತಲು ಇಲ್ಲವೆಂದು ಇಂದು ಕೊರಗಬೇಕಾಗಿಲ್ಲ. ದಿನಕ್ಕೆ ಐದಾರು ಗಂಟೆ ಬಿಸಿಲು ಬೀಳುವ ಮಾಳಿಗೆಯಾಗಲಿ ಅಂಗಳದ ಅಂಚಾಗಲಿ ಸಾಕು. ಬಿಸಿಲು ಕಡಿಮೆ ಇರುವಲ್ಲಿ ಒಂದೆಲಗ, ದೊಡ್ಡಪತ್ರೆ, ಪುದೀನ ಬಾಳುತ್ತವೆ. ಮಲ್ಲಿಗೆ, ಚೆಂಡುಹೂ, ಮೆಣಸಿನಗಿಡ, ಬದನೆಗಳಿಗೆ ಬಿಸಿಲು ಬೇಕೇಬೇಕು. ಕುಂಡದಲ್ಲಿ ಬೆಳೆಸುವವರು ಎರಡು ಪಾಲು ಕೆಂಪುಮಣ್ಣಿಗೆ ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಒಂದು ಪಾಲು ಮರಳು ಬೆರೆಸಿಕೊಳ್ಳಬಹುದು. ಗೊಬ್ಬರ ಪೂರ್ಣ ಕಳಿತಿರುವುದು ಮುಖ್ಯ. ಹಸಿ ಸಗಣಿಯು ಬೇರನ್ನು ಸುಡುತ್ತದೆ. ಅದರಲ್ಲಿರುವ ರೋಗಾಣುಗಳು ಹಸಿಯಾಗಿ ತಿನ್ನುವ ಸೊಪ್ಪಿನ ಮೂಲಕ ಹೊಟ್ಟೆಗೂ ಸೇರಬಹುದು.

ನೀರಿನ ವಿಷಯದಲ್ಲಿ ಎರಡು ಮಾತು. ಬಚ್ಚಲಿನ ಸೋಪು-ನೀರನ್ನು ಬಾಳೆಗೆ ಹರಿಸುವುದು ನಮ್ಮಲ್ಲಿ ಹಳೆಯ ರೂಢಿಯೇ ಆದರೂ, ಸೊಪ್ಪು-ತರಕಾರಿಯ ಮಡಿಗೆ ಅದನ್ನು ಬಿಡಬಾರದು. ಎರಡನೆಯದಾಗಿ, ಕುಂಡದ ಅಡಿಯ ತಟ್ಟೆಯಲ್ಲಿ ನಿಂತ ನೀರು ಡೆಂಗೀ ಜ್ವರವನ್ನು ಹರಡುವ ಸೊಳ್ಳೆಗೆ ತೊಟ್ಟಿಲು. ಆ ಸೊಳ್ಳೆಯು ಮೊಟ್ಟೆಯಿಂದ ಹಾರುವ ಹಂತಕ್ಕೆ ಬರಲು ಸಾಮಾನ್ಯವಾಗಿ ಒಂದು ವಾರದಿಂದ ಹತ್ತು ದಿನ ಸಾಕು. ಆದ್ದರಿಂದ ವಾರಕ್ಕೊಮ್ಮೆ ನಿಗದಿತ ದಿನದಂದು ಎಲ್ಲ ತಟ್ಟೆಗಳನ್ನೂ ಚೆಲ್ಲಿ, ಉಜ್ಜಿ, ಒಣಗಿಸಬೇಕು. ಮೊಟ್ಟೆಗಳು ಪಾತ್ರೆಯ ಗೋಡೆಗೆ ಅಂಟಿಕೊಂಡಿರುವುದರಿಂದ ಬರಿದೆ ನೀರು ಚೆಲ್ಲಿದರೆ ಸಾಲದು. ಆರೋಗ್ಯಕ್ಕೆಂದು ಬೆಳೆಸಿದ ತೋಟವೇ ಜ್ವರದ ಮೂಲವಾಗಬಾರದಲ್ಲವೆ?

ಹಳೆಯ ಹೂಗಳು

ಮನೆತನದಲ್ಲಿ ತಲೆಮಾರಿನಿಂದ ತಲೆಮಾರಿಗೆ ಹರಿದುಬಂದ ಹೂಗಳೆಂದರೆ ಮಲ್ಲಿಗೆ, ಕನಕಾಂಬರ, ಸೇವಂತಿಗೆ, ಚೆಂಡುಹೂ, ದಾಸವಾಳ, ನಂದಿಬಟ್ಟಲು, ಪಾರಿಜಾತ ಮೊದಲಾದವು. ಇವೆಲ್ಲವೂ ಇದೇ ನೆಲದಲ್ಲಿ ಹುಟ್ಟಿದವಲ್ಲ. ಕನಕಾಂಬರ ದಕ್ಷಿಣ ಭಾರತದ್ದೇ. ಆದರೆ ಚೆಂಡುಹೂವಿನ ತವರು ಮೆಕ್ಸಿಕೊ ಸೀಮೆ. ಹೊರಗಿನಿಂದ ಬಂದದ್ದೂ ನಾಲ್ಕಾರು ತಲೆಮಾರು ನಮ್ಮ ಮಣ್ಣು-ಮಳೆಗಳಿಗೆ ಒಗ್ಗಿ, ನಮ್ಮ ಕೈಯಲ್ಲಿ ಬೀಜವಾಗಿ ಉಳಿದಾಗ ನಮ್ಮದಾಗುತ್ತದೆ.

ಕರ್ನಾಟಕವು ಮಲ್ಲಿಗೆಯ ನಾಡು. ಮೈಸೂರು ಮಲ್ಲಿಗೆ, ಉಡುಪಿ ಮಲ್ಲಿಗೆ, ಹಡಗಲಿ ಮಲ್ಲಿಗೆ ಈ ಮೂರಕ್ಕೂ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ. ಮಲ್ಲಿಗೆಯನ್ನು ಬೀಜದಿಂದಲ್ಲ, ಕಡ್ಡಿಯಿಂದ ಇಲ್ಲವೆ ಬಳ್ಳಿಯನ್ನು ಬಗ್ಗಿಸಿ ಮಣ್ಣಿನಲ್ಲಿ ಹೂತು ಬೇರು ಬರಿಸಿ ವೃದ್ಧಿಪಡಿಸುತ್ತಾರೆ. ಗಿಡ ಸೊಂಪಾಗಿದ್ದರೂ ಹೂ ಬಿಡುತ್ತಿಲ್ಲವೆಂದು ಅನೇಕ ತಾಯಂದಿರು ಹೇಳುವುದುಂಟು. ಇದಕ್ಕೆ ಹೆಚ್ಚಿನ ಸಲ ಕಾರಣ ಸವರದೆ ಬಿಡುವುದು. ಮಲ್ಲಿಗೆ ಹೂ ಬಿಡುವುದು ಹೊಸ ಚಿಗುರಿನಲ್ಲಿ. ನವೆಂಬರಿನ ಕೊನೆಯಿಂದ ಜನವರಿಯೊಳಗೆ ಕೆಲವು ದಿನ ನೀರು ಕಡಿಮೆ ಮಾಡಿ, ಬಳಿಕ ಗಿಡವನ್ನು ನೆಲದಿಂದ ಮೊಳದೆತ್ತರಕ್ಕೆ ಸವರಿ, ಒಣಗಿದ ಕಡ್ಡಿ ತೆಗೆದು, ಬುಡ ಬಿಡಿಸಿ ಗೊಬ್ಬರ ಕೊಟ್ಟು ನೀರು ಹಾಯಿಸಿದರೆ ಬೇಸಿಗೆಯ ಹೊತ್ತಿಗೆ ಗಿಡ ಮೊಗ್ಗಿನಿಂದ ತುಂಬುತ್ತದೆ.

ಕನಕಾಂಬರದ ಕಾಯಿ ಒಣಗಿದ ಮೇಲೆ ನೀರು ಸೋಕಿದೊಡನೆ ಸಿಡಿದು ಬೀಜವನ್ನು ದೂರಕ್ಕೆ ಎಸೆಯುತ್ತದೆ. ಆದುದರಿಂದ ಬೀಜ ಬೇಕಾದವರು ಮಳೆಗೆ ಮುಂಚೆಯೇ, ತೆನೆ ಕಂದುಬಣ್ಣಕ್ಕೆ ತಿರುಗಿದಾಗ ಕೊಯ್ದು, ಮುಚ್ಚಿದ ಬಟ್ಟೆಯ ಚೀಲದಲ್ಲಿ ಇಡಬೇಕು. ಈ ಗಿಡಕ್ಕೆ ಬೇರುಗಂಟಿನ ಜಂತುಹುಳುವಿನ ಬಾಧೆ ಹೆಚ್ಚು. ಗಿಡ ಕಾರಣವಿಲ್ಲದೆ ಸೊರಗಿ ಎಲೆ ಹಳದಿಯಾದರೆ ಒಂದನ್ನು ಕಿತ್ತು ನೋಡಬೇಕು. ಬೇರಿನಲ್ಲಿ ಸಣ್ಣ ಗಂಟುಗಳಿದ್ದರೆ ರೋಗ ಅದೇ. ಇಲ್ಲಿ ಚೆಂಡುಹೂವಿನ ಉಪಕಾರ ದೊಡ್ಡದು. ಅದರ ಬೇರಿನಲ್ಲಿರುವ ಒಂದು ರಾಸಾಯನಿಕವು ಈ ಹುಳುಗಳನ್ನು ಅಡಗಿಸುತ್ತದೆ. ಕನಕಾಂಬರ, ಬದನೆ, ಟೊಮ್ಯಾಟೊ ಮಡಿಗಳಲ್ಲಿ ಒಂದು ಹಂಗಾಮು ಚೆಂಡುಹೂ ಬೆಳೆದು ಬಳಿಕ ಆ ಬೆಳೆಗಳನ್ನು ಹಾಕುವುದು ವಿಷವಿಲ್ಲದ ಪರಿಹಾರ.

ಸೇವಂತಿಗೆಯ ಸ್ವಭಾವ ಇನ್ನೊಂದು ಬಗೆ. ಇರುಳು ಉದ್ದವಾಗುತ್ತ ಬಂದಾಗ ಅದು ಮೊಗ್ಗು ಕಟ್ಟುತ್ತದೆ. ಬೀದಿದೀಪದ ಬೆಳಕು ರಾತ್ರಿಯಿಡೀ ಬೀಳುವ ಕಡೆ ನೆಟ್ಟರೆ ಗಿಡಕ್ಕೆ ಇರುಳು ಬಂದದ್ದೇ ತಿಳಿಯದೆ ಎಲೆಯಲ್ಲೇ ಉಳಿದುಬಿಡುತ್ತದೆ. ಹೂ ಮುಗಿದ ಮೇಲೆ ಬುಡದಿಂದ ಒಡೆಯುವ ಮರಿಗಳನ್ನು ಬೇರುಸಹಿತ ಬಿಡಿಸಿ ನೆಟ್ಟರೆ ಮುಂದಿನ ವರ್ಷದ ಗಿಡ ಸಿದ್ಧ.

ಮನೆಯಲ್ಲಿ ಹೂ ಬೆಳೆಯುವುದರಿಂದ ಆರೋಗ್ಯಕ್ಕೆ ಏನು ಲಾಭವೆಂದು ಯಾರಾದರೂ ಕೇಳಬಹುದು. ಮಾರುಕಟ್ಟೆಯ ಹೂ ತಿನ್ನುವ ವಸ್ತುವಲ್ಲವೆಂಬ ಕಾರಣದಿಂದ ಅದಕ್ಕೆ ಕೀಟನಾಶಕವನ್ನು ಧಾರಾಳವಾಗಿ ಸಿಂಪಡಿಸುವುದುಂಟು. ಅದೇ ಹೂವನ್ನು ನಾವು ಪೂಜೆಗೆ ಏರಿಸುತ್ತೇವೆ, ಹೆಣ್ಣುಮಕ್ಕಳು ಮುಡಿಯುತ್ತಾರೆ, ಕಟ್ಟುವವರು ಬೆರಳಿನಿಂದ ಗಂಟೆಗಟ್ಟಲೆ ಮುಟ್ಟುತ್ತಾರೆ, ಎಳೆಯ ಮಕ್ಕಳು ಬಾಯಿಗೂ ಇಡುತ್ತಾರೆ. ಅಂಗೈಯಗಲದ ಜಾಗದಲ್ಲಿ ನಾವೇ ಬೆಳೆದ ನಾಲ್ಕು ಹೂವಿಗೆ ಈ ಅಂಜಿಕೆಯಿಲ್ಲ. ಹುಳು ಬಿದ್ದಾಗ ಬೇವಿನ ಬೀಜದ ಕಷಾಯ ಸಾಕು. ಒಂದು ಲೀಟರ್ ನೀರಿಗೆ 50 ಗ್ರಾಂ ಬೇವಿನ ಬೀಜದ ತಿರುಳಿನ ಪುಡಿಯನ್ನು ರಾತ್ರಿ ನೆನೆಸಿಟ್ಟು, ಬೆಳಿಗ್ಗೆ ಸೋಸಿ, ಚಿಟಿಕೆ ಸೋಪಿನ ಪುಡಿ ಬೆರೆಸಿ ಸಂಜೆಯ ತಂಪಿನಲ್ಲಿ ಎಲೆಯ ಕೆಳಮೈಗೂ ತಾಗುವಂತೆ ಸಿಂಪಡಿಸಬೇಕು.

ಅಡುಗೆಯ ಮೂಲಕ ಆರೋಗ್ಯ

ಹಿತ್ತಲಿನ ನಿಜವಾದ ವೈದ್ಯ ಕಷಾಯದ ಪಾತ್ರೆಯಲ್ಲಿಲ್ಲ, ಪಲ್ಯದ ಬೋಗುಣಿಯಲ್ಲಿದೆ ಎಂಬುದು ನಮ್ಮ ದೃಢವಾದ ಅಭಿಪ್ರಾಯ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ನಮ್ಮ ದೇಶದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇಕಡ 57ರಷ್ಟು ಮಂದಿ ರಕ್ತಹೀನತೆಯಿಂದ ಬಳಲುತ್ತಿದ್ದಾರೆ. ಮನೆಗೆಲಸ, ಹೊಲಗೆಲಸಗಳನ್ನು ಹೊತ್ತ ತಾಯಿಯೊಬ್ಬಳು ಸದಾ ದಣಿವೆಂದರೆ ಅದನ್ನು ಸೋಮಾರಿತನವೆಂದು ಬಗೆಯುವ ಮನೆಗಳಲ್ಲಿ ಈ ಸಂಖ್ಯೆಯನ್ನು ಗೋಡೆಯ ಮೇಲೆ ಬರೆದಿಡಬೇಕು.

ನುಗ್ಗೆಸೊಪ್ಪು, ರಾಜಗಿರಿ, ಪುಂಡಿಪಲ್ಯ, ಹೊನಗೊನ್ನೆ, ಮೆಂತ್ಯ, ಕರಿಬೇವು ಇವು ಕಬ್ಬಿಣ, ಸುಣ್ಣ ಮತ್ತು ಎ ಜೀವಸತ್ವದ ಮೂಲವಸ್ತುಗಳಿಂದ ಕೂಡಿದ ಸೊಪ್ಪುಗಳು. ಆದರೆ ಸೊಪ್ಪಿನಲ್ಲಿರುವ ಕಬ್ಬಿಣವನ್ನು ದೇಹ ಸುಲಭವಾಗಿ ಹೀರಿಕೊಳ್ಳುವುದಿಲ್ಲ. ಹುಳಿಯ ಸಂಗಡ, ಎಂದರೆ ನಿಂಬೆರಸ, ನೆಲ್ಲಿಕಾಯಿ, ಸೀಬೆಹಣ್ಣುಗಳಲ್ಲಿರುವ ಸಿ ಜೀವಸತ್ವದ ಸಂಗಡ ಉಂಡರೆ ಹೀರಿಕೆ ಹೆಚ್ಚುತ್ತದೆ; ಊಟದ ಜೊತೆಗೆ ಅಥವಾ ಊಟವಾದೊಡನೆ ಚಹಾ ಕುಡಿದರೆ ಕುಗ್ಗುತ್ತದೆ. ಪಲ್ಯವನ್ನು ಒಲೆಯಿಂದ ಇಳಿಸಿದ ಮೇಲೆ ನಿಂಬೆ ಹಿಂಡುವುದು ರುಚಿಗಷ್ಟೇ ಅಲ್ಲ. ಹಾಗೆಂದು ವೈದ್ಯರು ಕಬ್ಬಿಣದ ಮಾತ್ರೆ ಬರೆದುಕೊಟ್ಟಿದ್ದರೆ ಸೊಪ್ಪು ಅದಕ್ಕೆ ಬದಲಿಯಾಗದು. ಮಾತ್ರೆ ಕೊರತೆಯನ್ನು ತುಂಬುತ್ತದೆ, ಸೊಪ್ಪು ಆ ಕೊರತೆ ಮರಳದಂತೆ ಕಾಯುತ್ತದೆ.

ನುಗ್ಗೆಯನ್ನು ಮೊಣಕೈ ದಪ್ಪದ ಕೊಂಬೆ ಊರಿ ಬೆಳೆಸಬಹುದು. ಆಳೆತ್ತರದಲ್ಲಿ ತುದಿ ಕತ್ತರಿಸುತ್ತಿದ್ದರೆ ಸೊಪ್ಪು ಕೈಗೆಟುಕುತ್ತದೆ. ದೊಡ್ಡಪತ್ರೆಯ ಒಂದು ಗೇಣು ಕಡ್ಡಿ ಊರಿದರೆ ವಾರದೊಪ್ಪತ್ತಿನಲ್ಲಿ ಬೇರುಬಿಡುತ್ತದೆ. ಒಂದೆಲಗವು ತೇವದ ನೆಲದಲ್ಲಿ ತಾನೇ ಹಬ್ಬುತ್ತದೆ. ಈ ಎರಡರ ತಂಬುಳಿ ಬೇಸಿಗೆಯ ಊಟಕ್ಕೆ ಹಿತವಾದದ್ದು: ಎಲೆಯನ್ನು ಜೀರಿಗೆ, ಮೆಣಸಿನಕಾಳುಗಳ ಸಂಗಡ ತುಪ್ಪದಲ್ಲಿ ಬಾಡಿಸಿ, ಕಾಯಿತುರಿ ಸೇರಿಸಿ ರುಬ್ಬಿ, ಮಜ್ಜಿಗೆಯಲ್ಲಿ ಕದಡಿದರೆ ಆಯಿತು. ಒಂದು ಎಚ್ಚರ: ಒಂದೆಲಗವನ್ನು ಊರ ಚರಂಡಿಯ ಅಂಚಿನಿಂದ, ಕೊಳಚೆ ನೀರು ಹರಿಯುವ ಗದ್ದೆಯ ಬದುವಿನಿಂದ ಕಿತ್ತು ತರಬಾರದು. ನೆಲಕ್ಕೆ ಅಂಟಿ ಬೆಳೆಯುವ ಈ ಸೊಪ್ಪು ಆ ನೆಲದ ಕೊಳೆಯನ್ನೆಲ್ಲ ಹೊತ್ತಿರುತ್ತದೆ. ಶುದ್ಧ ನೀರು ಹಾಕಿ ಮನೆಯ ಕುಂಡದಲ್ಲಿ ಬೆಳೆದದ್ದೇ ಉತ್ತಮ.

ಗುರುತು: ಒಂದು ಹೆಸರು, ಹಲವು ಗಿಡ

ಹಳ್ಳಿಗೊಂದು ಹೆಸರು ಇರುವುದು ನಮ್ಮ ಭಾಷೆಯ ಸಂಪತ್ತು. ಆದರೆ ಮದ್ದಿನ ವಿಷಯದಲ್ಲಿ ಅದೇ ಅಪಾಯ. ‘ಬ್ರಾಹ್ಮಿ’ ಎಂದರೆ ಕೆಲವರಿಗೆ ದುಂಡನೆಯ ಎಲೆಯ ಒಂದೆಲಗ, ಇನ್ನು ಕೆಲವರಿಗೆ ಸಣ್ಣ ದಪ್ಪ ಎಲೆಗಳ, ತಿಳಿಬಣ್ಣದ ಪುಟ್ಟ ಹೂಗಳ ನೀರುಬ್ರಾಹ್ಮಿ. ಇವೆರಡೂ ಬೇರೆ ಬೇರೆ ಕುಲದ ಸಸ್ಯಗಳು. ‘ನೆಲನೆಲ್ಲಿ’ ಎಂಬ ಹೆಸರಿನಲ್ಲಿ ಒಂದೇ ಜಾತಿಯ ಹಲವು ಪ್ರಭೇದಗಳು ಪೇಟೆಯಲ್ಲಿ ಬೆರೆತು ಮಾರಾಟವಾಗುತ್ತವೆ.

ಈ ಬೆರಕೆಯ ಪರಿಣಾಮ ಎಷ್ಟು ಗಂಭೀರವಾಗಬಹುದೆಂಬುದಕ್ಕೆ ಅಮೃತಬಳ್ಳಿಯೇ ಸಾಕ್ಷಿ. ಕೊರೊನಾ ಕಾಲದಲ್ಲಿ ಲಕ್ಷಾಂತರ ಮನೆಗಳಲ್ಲಿ ಅಮೃತಬಳ್ಳಿಯ ಕಷಾಯ ನಿತ್ಯದ ಪಾನೀಯವಾಯಿತು. 2021ರಲ್ಲಿ ಮುಂಬಯಿಯ ವೈದ್ಯರು ಇಂಥ ಸೇವನೆಯ ಹಿನ್ನೆಲೆಯಿದ್ದ ಆರು ರೋಗಿಗಳ ಯಕೃತ್ತಿನ ಹಾನಿಯನ್ನು ವೈದ್ಯಕೀಯ ನಿಯತಕಾಲಿಕದಲ್ಲಿ ವರದಿ ಮಾಡಿದರು. ಆಯುಷ್ ಸಚಿವಾಲಯವು ನಿಜವಾದ ಅಮೃತಬಳ್ಳಿ ಸುರಕ್ಷಿತವೆಂದು ಹೇಳಿ, ಅದನ್ನೇ ಹೋಲುವ ಇನ್ನೊಂದು ಬಳ್ಳಿಯನ್ನು ಬಳಸದಂತೆಯೂ ವೈದ್ಯರ ಸಲಹೆಯಂತೆಯೇ ಸೇವಿಸುವಂತೆಯೂ ಜನರಿಗೆ ತಿಳಿಸಿತು. ಎರಡರ ಎಲೆಯೂ ಹೃದಯದ ಆಕಾರದ್ದೇ. ಆದರೆ ಹೋಲಿಕೆಯ ಬಳ್ಳಿಯ ಕಾಂಡದ ಮೇಲೆ ಎದ್ದುಕಾಣುವ ಗುಬುಟುಗಳು ಒತ್ತಾಗಿರುತ್ತವೆ. ಮುರಿದರೆ ಹಾಲಿನಂಥ ರಸ ಒಸರುತ್ತದೆ. ನಿಜವಾದ ಅಮೃತಬಳ್ಳಿಯಲ್ಲಿ ಹಾಲು ಬರುವುದಿಲ್ಲ. ಕಾರಣ ಹೋಲಿಕೆಯ ಬಳ್ಳಿಯೇ ಇರಲಿ, ಅತಿಸೇವನೆಯೇ ಇರಲಿ, ನಮಗಿರುವ ಪಾಠ ಎರಡು: ಗುರುತು ತಿಳಿಯದೆ ಕೀಳಬಾರದು, ಗುರುತು ತಿಳಿದರೂ ತಿಂಗಳುಗಟ್ಟಲೆ ನಮ್ಮಷ್ಟಕ್ಕೆ ನಾವೇ ಕುಡಿಯಬಾರದು.

ಆದುದರಿಂದ ಪ್ರತಿಯೊಂದು ಗಿಡಕ್ಕೂ ಒಂದು ಹಲಗೆಯ ತುಂಡಿನಲ್ಲಿ ಹೆಸರು ಬರೆದು ನೆಡಿ. ಊರಿನ ಹೆಸರು, ಎಲ್ಲಿಂದ ತಂದದ್ದು, ಯಾವ ವರ್ಷ ಎಂಬ ಮೂರು ವಿವರಗಳು ಇರಲಿ. ಗುರುತಿನ ಬಗ್ಗೆ ಸಂಶಯವಿದ್ದರೆ ಸಮೀಪದ ಆಯುರ್ವೇದ ಕಾಲೇಜಿನ ದ್ರವ್ಯಗುಣ ವಿಭಾಗದವರನ್ನಾಗಲಿ, ಪದವಿ ಕಾಲೇಜಿನ ಸಸ್ಯಶಾಸ್ತ್ರದ ಅಧ್ಯಾಪಕರನ್ನಾಗಲಿ ಹೂಬಿಟ್ಟ ಕೊಂಬೆಯೊಡನೆ ಕಂಡು ಕೇಳಬೇಕು. ಬರಿಯ ಎಲೆಯಿಂದ ಗಿಡವನ್ನು ಗುರುತಿಸುವುದು ಬಲ್ಲವರಿಗೂ ಕಷ್ಟ.

ಅಂದದ ಹೂ, ವಿಷದ ಗಿಡ

ಹಳೆಯ ಹಿತ್ತಲಿನ ಕೆಲವು ಹೂಗಳು ಕಣ್ಣಿಗೆ ತಂಪು, ಹೊಟ್ಟೆಗೆ ಮೃತ್ಯು. ಇದನ್ನು ಮನೆಯವರೆಲ್ಲರೂ, ಬಾಡಿಗೆಗೆ ಬಂದವರೂ, ಆಟವಾಡುವ ಮಕ್ಕಳೂ ತಿಳಿದಿರಬೇಕು.

ಕಣಗಿಲೆ ಮತ್ತು ಹಳದಿ ಕಣಗಿಲೆಗಳ ಎಲ್ಲ ಭಾಗಗಳೂ ಹೃದಯದ ಬಡಿತವನ್ನು ಕೆಡಿಸುವ ವಿಷವನ್ನು ಹೊಂದಿವೆ; ಹಳದಿ ಕಣಗಿಲೆಯ ಬೀಜ ಅತ್ಯಂತ ಅಪಾಯಕಾರಿ. ಉಮ್ಮತ್ತಿಯ ಬೀಜ ಬುದ್ಧಿಭ್ರಮಣೆ, ಜ್ವರ, ಪ್ರಜ್ಞಾಹೀನತೆಗಳನ್ನು ತರುತ್ತದೆ. ಬೆಂಕಿಯ ನಾಲಗೆಯಂತೆ ಅರಳುವ ಅಗ್ನಿಶಿಖೆಯ ಗೆಡ್ಡೆಯನ್ನು ತಿನ್ನುವ ಗೆಡ್ಡೆಯೆಂದು ಭ್ರಮಿಸಿ ಪ್ರಾಣ ಕಳೆದುಕೊಂಡವರಿದ್ದಾರೆ. ಗುಲಗಂಜಿಯ ಕೆಂಪು-ಕಪ್ಪು ಬೀಜವನ್ನು ಮಗು ಅಗಿದರೆ ಸಾವೇ ಸಂಭವಿಸಬಹುದು. ಎಕ್ಕದ ಹಾಲು ಕಣ್ಣಿಗೆ ಬಿದ್ದರೆ ದೃಷ್ಟಿಗೇ ಕುತ್ತು.

ನಿತ್ಯಪುಷ್ಪವೆಂದೂ ಕಾಶಿಕಣಗಿಲೆಯೆಂದೂ ಕರೆಯುವ, ನೀರಿಲ್ಲದಿದ್ದರೂ ವರ್ಷವಿಡೀ ಅರಳುವ ಗಿಡದ ಕಥೆಯನ್ನು ಇಲ್ಲಿ ವಿಸ್ತರಿಸಿ ಹೇಳುವುದು ಅವಶ್ಯ. ಮಡಗಾಸ್ಕರ್ ದ್ವೀಪದ ಈ ಗಿಡದ ಎಲೆ ಸಕ್ಕರೆ ಕಾಯಿಲೆಗೆ ಮದ್ದೆಂಬ ನಂಬಿಕೆ ಹಲವು ದೇಶಗಳಲ್ಲಿತ್ತು, ನಮ್ಮಲ್ಲಿ ಈಗಲೂ ಇದೆ. ಆ ನಂಬಿಕೆಯನ್ನು ಪರೀಕ್ಷಿಸಲು ಹೊರಟ ಕೆನಡಾ ದೇಶದ ರಾಬರ್ಟ್ ನೋಬಲ್ ಮತ್ತು ಚಾರ್ಲ್ಸ್ ಬಿಯರ್ ಎಂಬ ವಿಜ್ಞಾನಿಗಳು ಅದರ ಸಾರವು ಪ್ರಯೋಗದ ಪ್ರಾಣಿಗಳ ರಕ್ತದ ಬಿಳಿಕಣಗಳನ್ನು ತೀವ್ರವಾಗಿ ಇಳಿಸುವುದನ್ನು ಕಂಡರು. ಅದೇ ಗುಣದ ಬೆನ್ನುಹತ್ತಿ 1958ರ ಹೊತ್ತಿಗೆ ವಿನ್‌ಬ್ಲಾಸ್ಟಿನ್ ಎಂಬ ವಸ್ತುವನ್ನು ಬೇರ್ಪಡಿಸಲಾಯಿತು. ಬಳಿಕ ವಿನ್‌ಕ್ರಿಸ್ಟಿನ್ ದೊರೆಯಿತು. ಇಂದಿಗೂ ಮಕ್ಕಳ ರಕ್ತದ ಕ್ಯಾನ್ಸರ್ ಚಿಕಿತ್ಸೆಯಲ್ಲಿ ವಿನ್‌ಕ್ರಿಸ್ಟಿನ್ ಮುಖ್ಯವಾದ ಔಷಧಿ. ಆಸ್ಪತ್ರೆಯಲ್ಲಿ ತಜ್ಞರು ಮಿಲಿಗ್ರಾಂ ಲೆಕ್ಕದಲ್ಲಿ ಅಳೆದು, ರಕ್ತಪರೀಕ್ಷೆ ಮಾಡುತ್ತ ಕೊಡುವ ಇಂಥ ವಸ್ತುಗಳಿರುವ ಎಲೆಯನ್ನು ನಿತ್ಯವೂ ಮುಂಜಾನೆ ಅಗಿಯುವುದೆಂದರೆ ಏನೆಂದು ವಾಚಕರೇ ಆಲೋಚಿಸಬೇಕು. ಹಿತ್ತಲ ಗಿಡವೂ ಮದ್ದಾಯಿತು ನಿಜ. ಅಳತೆಯ ಅರಿವು ಸೇರಿದ ಮೇಲೆ ಮದ್ದಾಯಿತು.

ಈ ಗಿಡಗಳನ್ನೆಲ್ಲ ಕಿತ್ತೆಸೆಯಬೇಕೆಂದು ನಾವು ಹೇಳುವುದಿಲ್ಲ. ಅವನ್ನು ಸೊಪ್ಪಿನ ಮಡಿಯಿಂದ ದೂರ, ಮಕ್ಕಳ ಕೈಗೆ ಎಟುಕದಲ್ಲಿ ಇಟ್ಟು, ಕತ್ತರಿಸಿದ ಮೇಲೆ ಕೈ ತೊಳೆಯಬೇಕು. ಯಾರಾದರೂ ತಿಂದ ಶಂಕೆ ಬಂದರೆ ವಾಂತಿ ಮಾಡಿಸಲು ಉಪ್ಪುನೀರು ಕುಡಿಸುತ್ತ ಹೊತ್ತು ಕಳೆಯದೆ, ಆ ಗಿಡದ ಕೊಂಬೆಯೊಂದನ್ನು ಜೊತೆಗೆ ಹಿಡಿದು ಕೂಡಲೇ ಆಸ್ಪತ್ರೆಗೆ ಒಯ್ಯಬೇಕು.

ಬೀಜ ಉಳಿಸುವ ಬಗೆ

ಗುರುತು ಬಾಯಿಂದ ಬಾಯಿಗೆ ಬರುವಂತೆ ಬೀಜ ಕೈಯಿಂದ ಕೈಗೆ ಬರಬೇಕು. ಅಂಗಡಿಯ ಪೊಟ್ಟಣದಲ್ಲಿ ಬರುವ ಮಿಶ್ರತಳಿ ಬೀಜ ಮೊದಲ ವರ್ಷ ಚೆನ್ನಾಗಿ ಕಾಯಿಬಿಟ್ಟರೂ, ಅದರಿಂದ ತೆಗೆದ ಬೀಜ ಮರುವರ್ಷ ತಾಯಿಯಂತೆ ಬರುವುದಿಲ್ಲ. ಹಾಗಾಗಿ ಪ್ರತಿವರ್ಷ ಅಂಗಡಿಗೆ ಹೋಗಲೇಬೇಕು. ನಾಟಿ ತಳಿ ಹಾಗಲ್ಲ, ಅದು ತನ್ನಂತಹದನ್ನೇ ಕೊಡುತ್ತದೆ. 2001ರ ಸಸ್ಯತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆಯು ಬೀಜವನ್ನು ಉಳಿಸುವ, ಬಿತ್ತುವ, ಹಂಚಿಕೊಳ್ಳುವ ಹಕ್ಕನ್ನು ರೈತನಿಗೆ ನೀಡಿದೆ. ಆದರೆ ಬೀಜವೇ ಕಳೆದುಹೋದ ಮೇಲೆ ಹಕ್ಕಿದ್ದೂ ಪ್ರಯೋಜನವಿಲ್ಲ.

ಹೊಸಬರು ಅವರೆ, ಅಲಸಂದೆ, ಟೊಮ್ಯಾಟೊಗಳಿಂದ ಆರಂಭಿಸುವುದು ಲೇಸು. ಇವು ಬಹುಮಟ್ಟಿಗೆ ಸ್ವಕೀಯ ಪರಾಗಸ್ಪರ್ಶದ ಬೆಳೆಗಳಾದ್ದರಿಂದ ಬೇರೆ ತಳಿಯೊಡನೆ ಬೆರೆಯುವುದು ಕಡಿಮೆ. ಬದನೆ, ಮೆಣಸಿನಗಿಡಗಳು ಒಂದಿಷ್ಟು ಬೆರೆಯುತ್ತವೆ. ಎರಡು ತಳಿಗಳ ನಡುವೆ ಅಂತರವಿರಲಿ. ಸೋರೆ, ಹೀರೆ, ಕುಂಬಳಗಳು ದುಂಬಿ-ಪತಂಗಗಳ ಮೂಲಕವೇ ಕಾಯಿಕಟ್ಟುವುದರಿಂದ ನೆರೆಮನೆಯ ತಳಿಯೊಡನೆ ಸುಲಭವಾಗಿ ಬೆರೆಯುತ್ತವೆ. ಶುದ್ಧ ಬೀಜ ಬೇಕೆಂದರೆ ನಾವೇ ಕೈಯಾರೆ ಪರಾಗ ಮುಟ್ಟಿಸಬೇಕು. ಅಡಿಯಲ್ಲಿ ಪುಟ್ಟ ಕಾಯಿ ಇರುವುದು ಹೆಣ್ಣುಹೂ. ಅರಳುವ ಮುನ್ನವೇ ಅದಕ್ಕೂ ಒಂದು ಗಂಡುಹೂವಿಗೂ ತೆಳುಬಟ್ಟೆ ಕಟ್ಟಿಟ್ಟು, ಅರಳಿದಾಗ ಗಂಡುಹೂವಿನ ಪರಾಗವನ್ನು ಹೆಣ್ಣುಹೂವಿಗೆ ಸವರಿ ಮತ್ತೆ ಬಟ್ಟೆ ಕಟ್ಟಬೇಕು. ಕುಂಬಳದ ಹೂ ಬೆಳಗಿನಲ್ಲಿ ಅರಳುತ್ತದೆ; ಸೋರೆ, ಹೀರೆಗಳದು ಸಂಜೆಯಲ್ಲಿ.

ಎಲ್ಲಕ್ಕಿಂತ ಮೊದಲು ಮನೆಯಲ್ಲಿ ಒಂದು ನಿಯಮವಿರಬೇಕು: ಗಿಡದ ಚೆಂದದ ಕಾಯಿ ಪಲ್ಯಕ್ಕಲ್ಲ, ಬೀಜಕ್ಕೆ. ಅದಕ್ಕೊಂದು ದಾರ ಕಟ್ಟಿಬಿಟ್ಟರೆ ಯಾರೂ ಕೊಯ್ಯುವುದಿಲ್ಲ. ಒಂದೇ ಗಿಡದಿಂದಲ್ಲ, ರೋಗವಿಲ್ಲದ ನಾಲ್ಕಾರು ಗಿಡಗಳಿಂದ ಬೀಜ ಆಯಬೇಕು. ಕಾಯಿ ಪೂರ್ಣ ಬಲಿಯಲಿ: ಬದನೆ ಹಳದಿಯಾಗಲಿ, ಸೋರೆ ಬುರುಡೆಯಾಗಲಿ, ಹೀರೆ ನಾರಾಗಿ ಒಣಗಲಿ. ಟೊಮ್ಯಾಟೊ ಬೀಜವನ್ನು ಅದರ ಲೋಳೆಯೊಡನೆ ಎರಡು ದಿನ ನೆನೆಬಿಟ್ಟು, ಹುಳಿತ ಮೇಲೆ ತೊಳೆದು ಒಣಗಿಸಬೇಕು. ಹಲ್ಲಿನಿಂದ ಕಚ್ಚಿದಾಗ ತಗ್ಗು ಬೀಳದೆ ಟಕ್ಕನೆ ಒಡೆಯುವಂತಾದರೆ ಕಾಳಿನ ಬೀಜ ಒಣಗಿತೆಂದು ಅರ್ಥ. ಆಮೇಲೆ ಜರಡಿ ಹಿಡಿದ ಒಲೆಯ ಬೂದಿ ಬೆರೆಸಿ, ಒಣಗಿದ ಬೇವಿನ ಎಲೆಗಳೊಡನೆ ಬಿಗಿ ಮುಚ್ಚಳದ ಗಾಜಿನ ಭರಣಿಯಲ್ಲಿ ತಂಪಾದ ಕತ್ತಲೆಯ ಜಾಗದಲ್ಲಿ ಇಡಬೇಕು. ಬಿತ್ತುವ ಮೊದಲು ಹತ್ತು ಬೀಜವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು ನೋಡಿ. ಏಳೆಂಟು ಮೊಳೆತರೆ ಬೀಜ ಗಟ್ಟಿ.

ಈ ಕೆಲಸವನ್ನು ನಮ್ಮ ನಾಡಿನಲ್ಲಿ ಶ್ರದ್ಧೆಯಿಂದ ಮಾಡುತ್ತಿರುವವರಿದ್ದಾರೆ. ಶಿರಸಿಯ ‘ವನಸ್ತ್ರೀ’ ಬಳಗದ ಮಹಿಳೆಯರು ಮಲೆನಾಡಿನ ಹಿತ್ತಲ ಬೀಜಗಳನ್ನು ಕಾಪಾಡಿ ಹಂಚುತ್ತ ಬಂದಿದ್ದಾರೆ. ಬೆಂಗಳೂರಿನ ‘ಸಹಜ ಸಮೃದ್ಧ’ ಸಂಸ್ಥೆಯು ದೇಸಿ ಬೀಜಗಳ ಮೇಳಗಳನ್ನು ನಡೆಸುತ್ತದೆ. ನಮ್ಮ ಊರುಗಳಲ್ಲಿಯೂ ರೋಹಿಣಿ ಮಳೆಗೆ ಮುಂಚೆ ಅಕ್ಕನ ಬಳಗದವರೋ ಶಾಲೆಯ ಮಕ್ಕಳೋ ಸೇರಿ, ಮನೆಗೊಂದು ಮುಷ್ಟಿಯಂತೆ ತಂದ ಬೀಜವನ್ನು ಹಂಚಿಕೊಂಡರೆ ಹಣದ ಖರ್ಚಿಲ್ಲದೆ ಊರಿಗೊಂದು ಬೀಜದ ಭಂಡಾರ ಸಿದ್ಧವಾಗುತ್ತದೆ. ಹಂಚಿದ ಬೀಜವೇ ಭದ್ರವಾದದ್ದು. ನಮ್ಮ ಮನೆಯಲ್ಲಿ ಹುಳು ಹಿಡಿದರೂ ನೆರೆಯವರ ಮನೆಯಲ್ಲಿ ಅದು ಉಳಿದಿರುತ್ತದೆ.

ಮಿತಿ: ಎಲ್ಲಿ ನಿಲ್ಲಬೇಕು

ನೆಗಡಿ, ಸಣ್ಣ ಕೆಮ್ಮು, ಅಜೀರ್ಣಗಳಿಗೆ ತುಳಸಿ, ಶುಂಠಿ, ದೊಡ್ಡಪತ್ರೆ, ಓಮುಗಳ ಆಸರೆ ಪಡೆಯುವುದರಲ್ಲಿ ದೋಷವಿಲ್ಲ. ಆದರೆ ಕೆಳಗಿನ ಮಾತುಗಳನ್ನು ಪ್ರತಿಯೊಂದು ಮನೆಯೂ ಪಾಲಿಸಬೇಕೆಂದು ಕೋರುತ್ತೇವೆ.

ಒಂದು ವರ್ಷ ತುಂಬದ ಹಸುಳೆಗೆ ಯಾವ ಎಲೆಯ ರಸದೊಡನೆಯೂ ಜೇನುತುಪ್ಪ ನೆಕ್ಕಿಸಬಾರದು. ಅದರಲ್ಲಿರಬಹುದಾದ ಒಂದು ಬಗೆಯ ರೋಗಾಣು ಎಳೆಗೂಸಿನ ನರಗಳನ್ನು ನಿಶ್ಚೇಷ್ಟಗೊಳಿಸಬಲ್ಲದು. ನಂದಿಬಟ್ಟಲು ಮೊದಲಾದ ಯಾವ ಹೂವಿನ, ಎಲೆಯ ರಸವನ್ನೂ ಕಣ್ಣಿಗೆ ಹಿಂಡಬಾರದು; ಸೋಂಕು ತಗಲಿ ಕಣ್ಣಿನ ಪಾಪೆ ಹುಣ್ಣಾದೀತು. ಲೋಳೆಸರವನ್ನು ಕತ್ತರಿಸಿದಾಗ ಸಿಪ್ಪೆಯಡಿಯಿಂದ ಒಸರುವ ಹಳದಿ ರಸ ಪ್ರಬಲವಾದ ಭೇದಿಕಾರಕ. ಗರ್ಭಿಣಿಯರು ಲೋಳೆಸರವನ್ನು ಹೊಟ್ಟೆಗೆ ತೆಗೆದುಕೊಳ್ಳಲೇಬಾರದು. ಮೂತ್ರಕೋಶದ ಕಲ್ಲಿನ ತೊಂದರೆಯಿದ್ದವರು ಬಸಳೆ, ಗೋಣಿಸೊಪ್ಪುಗಳನ್ನು ಮಿತಗೊಳಿಸಬೇಕು. ರಕ್ತ ತೆಳುವಾಗಿಸುವ ವಾರ್ಫರಿನ್ ಮಾತ್ರೆ ಸೇವಿಸುವವರು ಸೊಪ್ಪಿನ ಪ್ರಮಾಣವನ್ನು ಒಮ್ಮೆಲೆ ಏರಿಸುವುದಾಗಲಿ ಇಳಿಸುವುದಾಗಲಿ ಮಾಡಬಾರದು. ಸಕ್ಕರೆ ಕಾಯಿಲೆಯ, ರಕ್ತದೊತ್ತಡದ ಮಾತ್ರೆಯನ್ನು ಬಿಟ್ಟು ಎಲೆ ಹಿಡಿಯಬಾರದು.

ಮೂರು ದಿನ ದಾಟಿದ ಜ್ವರ, ಉಸಿರಾಟದ ತೊಂದರೆ, ಕಾಮಾಲೆಯ ಜೊತೆಗೆ ಮಂಪರು, ರಕ್ತಸ್ರಾವ, ಎದೆನೋವು, ಹಾವಿನ ಕಡಿತ ಇವುಗಳಿಗೆ ಹಿತ್ತಲಿನಲ್ಲಿ ಮದ್ದಿಲ್ಲ. ಹಾವು ಕಚ್ಚಿದವರಿಗೆ ಬೇರು ಅರೆದು ಕುಡಿಸುವ, ಗಾಯ ಕೊಯ್ಯುವ ಕೆಲಸಕ್ಕೆ ಕೈಹಾಕದೆ, ಕಚ್ಚಿದ ಅಂಗ ಅಲುಗದಂತೆ ನೋಡಿಕೊಂಡು ವಿಷನಿರೋಧಕ ಚುಚ್ಚುಮದ್ದಿರುವ ಆಸ್ಪತ್ರೆಗೆ ಸಾಗಿಸುವುದೊಂದೇ ದಾರಿ. ಸಾವು-ಬದುಕಿನ ಅಂತರ ಅಲ್ಲಿ ಗಂಟೆಗಳಲ್ಲಿ ಇರುತ್ತದೆ. ಆ ಗಂಟೆಗಳನ್ನು ಕಷಾಯ ಕುದಿಸುವುದರಲ್ಲಿ ಕಳೆಯಬಾರದು.

ಈ ಮುಂಗಾರಿಗೆ ಇಷ್ಟು

ಎಲ್ಲವನ್ನೂ ಒಮ್ಮೆಲೆ ಬೆಳೆಯಲು ಹೋಗುವವರು ಬೇಗನೆ ಬೇಸರಗೊಳ್ಳುತ್ತಾರೆ. ಈ ವರ್ಷ ಐದೇ ಗಿಡ ಸಾಕು: ಒಂದು ಮಲ್ಲಿಗೆ, ಒಂದು ಸಾಲು ಚೆಂಡುಹೂ, ಒಂದು ನುಗ್ಗೆ, ಒಂದು ಕುಂಡದಲ್ಲಿ ದೊಡ್ಡಪತ್ರೆ, ಬೇಲಿಗೊಂದು ಅವರೆಬಳ್ಳಿ. ಬೀಜವನ್ನು, ಕಡ್ಡಿಯನ್ನು ಊರಿನ ಹಿರಿಯ ತಾಯಂದಿರಿಂದ ಕೇಳಿ ಪಡೆಯಿರಿ. ಕೇಳುವಾಗ ಗಿಡದ ಜೊತೆಗೆ ಅದರ ಹೆಸರು, ಬಳಕೆ, ಪಥ್ಯಗಳನ್ನೂ ಕೇಳಿ ಬರೆದುಕೊಳ್ಳಿ. ಅವರ ಬಳಿ ಇರುವ ಅರಿವು ಪುಸ್ತಕದಲ್ಲಿ ಇಲ್ಲ. ಅವರೊಡನೆಯೇ ಅದು ಹೊರಟುಹೋಗಬಾರದು. ನಿತ್ಯವೂ ಅರ್ಧ ಗಂಟೆ ಮಣ್ಣಿನಲ್ಲಿ ಬಗ್ಗಿ ಎದ್ದು ದುಡಿಯುವುದು ದೇಹಕ್ಕೂ ವ್ಯಾಯಾಮ, ಮನಸ್ಸಿಗೂ ವಿಶ್ರಾಂತಿ. ಕಾಯಕವೆಂಬ ಮಾತಿಗೆ ಮನೆಯಂಗಳದಲ್ಲಿಯೇ ದೊರೆಯುವ ಅರ್ಥವೂ ಹೌದು.

ಮನೆಯ ಮಗುವಿನ ಕೈಯಿಂದಲೇ ಬೀಜ ಊರಿಸಿ. ಹೆಸರಿನ ಹಲಗೆಯನ್ನು ಅದರ ಕೈಯಿಂದಲೇ ಬರೆಯಿಸಿ. ಕೀಳಬಹುದಾದದ್ದನ್ನೂ ಮುಟ್ಟಬಾರದದ್ದನ್ನೂ ತೋರಿಸಿಕೊಡಿ. ಬರುವ ಮಾಗಿಯಲ್ಲಿ ದಾರ ಕಟ್ಟಿದ ಅವರೆಕಾಯಿ ಒಣಗಿದಾಗ ಆ ಮಗುವೇ ಸುಲಿದು ಭರಣಿಗೆ ಹಾಕಲಿ, ಒಂದು ಮುಷ್ಟಿಯನ್ನು ನೆರೆಮನೆಗೆ ಕೊಟ್ಟುಬರಲಿ.